ಅಂಗೈಯಗಲದ ಕಾರು, ಮೈಸೂರಿನ ಇರುಳು

ಹಗಲಿನ ಬೆಳಕು ಆಟಿಕೆಯ ವಿಷಯದಲ್ಲಿ ನಿರ್ದಾಕ್ಷಿಣ್ಯವಾದುದು. ಅಂಬಾಸಡರ್ ಕಾರಿನ ಪುಟ್ಟ ಪ್ರತಿಕೃತಿಯೊಂದನ್ನು ಮಧ್ಯಾಹ್ನದ ಬಿಸಿಲಿನಲ್ಲಿಟ್ಟು ಚಿತ್ರ ತೆಗೆದರೆ, ಬಾಗಿಲಿನ ಸಂದು ನಿಜಕ್ಕಿಂತ ಅಗಲವಾಗಿರುವುದೂ, ಬಣ್ಣದ ಲೇಪ ಅಂಚುಗಳಲ್ಲಿ ದಪ್ಪವಾಗಿ ನಿಂತಿರುವುದೂ, ಟೈರಿನ ನಡುವೆ ಅಚ್ಚಿನ ಗೆರೆ ಹಾಯ್ದಿರುವುದೂ, ಪಕ್ಕದಲ್ಲಿ ಬಿದ್ದ ಒಣಹುಲ್ಲಿನ ಕಡ್ಡಿಯೊಂದು ಮರದ ದಿಮ್ಮಿಯಷ್ಟು ತೋರುವುದೂ ಏಕಕಾಲಕ್ಕೆ ಕಣ್ಣಿಗೆ ಬಿದ್ದು, ಇದು ಮಕ್ಕಳ ಆಟದ ಸಾಮಾನು ಎಂಬ ತೀರ್ಪು ಕ್ಷಣಮಾತ್ರದಲ್ಲಿ ಹೊರಬೀಳುತ್ತದೆ. ಇರುಳಿನಲ್ಲಿ ಹಾಗಲ್ಲ. ಮುಚ್ಚಬೇಕಾದುದನ್ನೆಲ್ಲ ಕತ್ತಲೆಯೇ ಮುಚ್ಚಿ, ತೋರಿಸತಕ್ಕದ್ದು ಇಷ್ಟೇ ಎಂದು ನಿರ್ಣಯಿಸುವ ಅಧಿಕಾರವನ್ನು ಚಿತ್ರಗಾರನ ಕೈಗೆ ಕೊಡುತ್ತದೆ. ಆದರೆ ಆ ಅಧಿಕಾರಕ್ಕೆ ಒಂದು ನಿಬಂಧನೆಯುಂಟು. ಕಾರನ್ನು ಹದಿನೆಂಟರಲ್ಲಿ ಒಂದು ಪಾಲಿಗೋ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೋ ಕುಗ್ಗಿಸಿದವರು ಕಾರ್ಖಾನೆಯವರು. ಅದರ ಮೇಲೆ ಬೀಳುವ ದೀಪವನ್ನೂ, ಅದು ನಿಂತ ರಸ್ತೆಯನ್ನೂ, ಅದನ್ನು ನೋಡುವ ಕಣ್ಣನ್ನೂ ಅಷ್ಟೇ ಪಾಲಿಗೆ ಕುಗ್ಗಿಸುವ ಹೊಣೆ ನಮ್ಮದು. ಮುಂದೆ ಹೇಳುವುದೆಲ್ಲ ಆ ಹೊಣೆಯ ವಿವರವೇ.

ಮೈಸೂರಿನವರಿಗೆ ಈ ವಿದ್ಯೆ ಅಪರಿಚಿತವೆನ್ನುವಂತಿಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿದ ಮೇಲೆ, ಕೆಳಗಿನ ನೆಲದಲ್ಲಿ ಮಣ್ಣು ಹರಡಿ, ರಾಗಿಯನ್ನೋ ಮೆಂತ್ಯವನ್ನೋ ಚೆಲ್ಲಿ ಮೊಳಕೆ ಬರಿಸಿ, ಕನ್ನಡಿಯ ತುಂಡನ್ನು ಕೆರೆಯಾಗಿಸಿ, ಅದರ ದಂಡೆಯಲ್ಲಿ ಆಟದ ಕಾರುಗಳನ್ನು ಸಾಲಾಗಿ ನಿಲ್ಲಿಸುವ ಮಕ್ಕಳು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಇನ್ನು ದೀಪದ ಮಾತು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಉರಿದುಹೋದ ಬಳಿಕ ಹೆನ್ರಿ ಇರ್ವಿನ್ನನ ವಿನ್ಯಾಸದಂತೆ ಕಟ್ಟತೊಡಗಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯು ಭಾನುವಾರದ ರಾತ್ರಿ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವಾಗ, ಅಲ್ಲಿ ಗೋಡೆಗಳಿಗೆ ಬೆಳಕು ಹಾಯಿಸಿರುವುದಿಲ್ಲ. ಕಮಾನು, ಗೋಪುರ, ಕೈಪಿಡಿಗೋಡೆಗಳ ರೇಖೆಗಳ ಮೇಲೆ ಮಾತ್ರ ದೀಪದ ಚುಕ್ಕೆಗಳನ್ನು ಪೋಣಿಸಿರುತ್ತಾರೆ. ಹೊರರೇಖೆಯೊಂದನ್ನು ಕೊಟ್ಟರೆ ಮಿಕ್ಕ ದೇಹವನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆಂಬ ಈ ತತ್ತ್ವವೇ ಪುಟ್ಟ ಕಾರಿನ ರಾತ್ರಿಚಿತ್ರಕ್ಕೂ ಆಧಾರ.

ಈ ಕಲೆಯನ್ನು ಲೋಕಪ್ರಸಿದ್ಧಗೊಳಿಸಿದವರಲ್ಲಿ ಅಮೆರಿಕದ ಮೈಕೇಲ್ ಪಾಲ್ ಸ್ಮಿತ್ (1950–2018) ಮುಖ್ಯರು. ಎಲ್ಗಿನ್ ಪಾರ್ಕ್ ಎಂಬ ಕಾಲ್ಪನಿಕ ಊರೊಂದನ್ನು ಅವರು 1:24 ಪ್ರಮಾಣದ ಕಾರುಗಳಿಂದಲೂ ಕೈಯಾರೆ ಕಟ್ಟಿದ ಮನೆ, ಅಂಗಡಿಗಳಿಂದಲೂ ನಿರ್ಮಿಸಿದರು. ಅವರ ಕ್ಯಾಮೆರಾ ದೊಡ್ಡ ಬೆಲೆಯದಲ್ಲ, ಜೇಬಿನಲ್ಲಿ ಹಿಡಿಯುವಂಥ ಸಾಮಾನ್ಯ ಯಂತ್ರ. ಮೇಜೊಂದನ್ನು ನಿಜವಾದ ಬೀದಿಯಂಚಿಗೆ ಒಯ್ದು, ಅದರ ಮೇಲೆ ಕಾರು, ರಸ್ತೆಗಳನ್ನು ಇರಿಸಿ, ಹಿಂದಿರುವ ನಿಜವಾದ ಮರಗಳನ್ನೂ ಮನೆಗಳನ್ನೂ ಹಿನ್ನೆಲೆಯಾಗಿ ಬಳಸಿಕೊಳ್ಳುವುದು ಅವರ ಕ್ರಮ. ಇದರ ಗಣಿತ ಸರಳವಾದುದು. ನಿಜವಾದ ಕಾರನ್ನು 6 ಮೀಟರ್ ದೂರದಿಂದ ನೋಡಿದಾಗ ಅದು ಎಷ್ಟು ದೊಡ್ಡದಾಗಿ ತೋರುವುದೋ, 1:24ರ ಕಾರು 25 ಸೆಂಟಿಮೀಟರ್ ದೂರದಿಂದ ಅಷ್ಟೇ ದೊಡ್ಡದಾಗಿ ತೋರುತ್ತದೆ. ಎರಡರ ಹಿಂದೆಯೂ ಇನ್ನೂರು ಮೀಟರ್ ಆಚೆಗಿರುವ ಅರಮನೆಯಾದರೋ ಇದ್ದಷ್ಟೇ ಇರುತ್ತದೆ. ಮೇಜಿನ ಅಂಚೂ ನಿಜವಾದ ನೆಲವೂ ಕೂಡುವ ಗೆರೆಯನ್ನು ಒಂದು ಪುಟ್ಟ ಕಾಂಪೌಂಡ್ ಗೋಡೆಯಿಂದ ಮರೆಮಾಡಿದರೆ ಮೋಸ ಸಂಪೂರ್ಣವಾಯಿತು. ರಾತ್ರಿಯಲ್ಲಾದರೆ ಆ ಗೋಡೆಯೂ ಅನಾವಶ್ಯಕ.

ಮೊದಲು ಕಾರು. ಅಂಗಡಿಗಳಲ್ಲಿ ದೊರೆಯುವ ಲೋಹದ ಕಾರುಗಳು ಬಹುಮಟ್ಟಿಗೆ 1:18, 1:24, 1:43, 1:64 ಎಂಬ ನಾಲ್ಕು ಪ್ರಮಾಣಗಳಲ್ಲಿರುತ್ತವೆ. ನಿಜವಾದ ಅಂಬಾಸಡರು ಸುಮಾರು 4.3 ಮೀಟರ್ ಉದ್ದವಾದುದರಿಂದ ಅದರ ಪ್ರತಿಕೃತಿ ಈ ಪ್ರಮಾಣಗಳಲ್ಲಿ ಕ್ರಮವಾಗಿ 24, 18, 10 ಮತ್ತು 6.7 ಸೆಂಟಿಮೀಟರ್ ಇರಬೇಕು. 1953ರಲ್ಲಿ ಆರಂಭವಾದ ಮ್ಯಾಚ್‌ಬಾಕ್ಸ್ ಕಾರುಗಳನ್ನು ಕಾಗದದ ಡಬ್ಬಿಯಲ್ಲಿ ಹಿಡಿಸಬೇಕೆಂಬ ಲೆಕ್ಕದಿಂದ ಮಾಡುತ್ತಿದ್ದರಾದ ಕಾರಣ ಲಾರಿಯೂ ಕಾರೂ ಒಂದೇ ಉದ್ದಕ್ಕೆ ಬರುತ್ತಿದ್ದುವು. ಇಂದಿಗೂ ಅಗ್ಗದ ಆಟಿಕೆಗಳಲ್ಲಿ ಈ ಗೊಂದಲ ಉಳಿದಿದೆ. ಆದುದರಿಂದ ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಿ ಕೂರದೆ, ನಿಜವಾದ ಕಾರಿನ ಉದ್ದವನ್ನು ಕೈಯಲ್ಲಿರುವ ಕಾರಿನ ಉದ್ದದಿಂದ ಭಾಗಿಸಿ ತಮ್ಮ ಕಾರಿನ ಪ್ರಮಾಣವನ್ನು ತಾವೇ ಕಂಡುಕೊಳ್ಳುವುದು ಲೇಸು. ಮುಂದಿನ ಅಳತೆಗಳೆಲ್ಲ ಆ ಭಾಗಲಬ್ಧವನ್ನೇ ಅವಲಂಬಿಸಿವೆ. ಆರಂಭಿಸುವವರು 1:24ರ ಕಾರನ್ನೋ 1:18ರದನ್ನೋ ಆರಿಸಿಕೊಳ್ಳಲಿ. 1:64ರದು ಬೆಲೆಯಲ್ಲಿ ಸುಲಭ, ಚಿತ್ರದಲ್ಲಿ ಬಲು ಕಠಿನ. ದೃಶ್ಯ ಮೈಸೂರಿನದೇ ಆಗಬೇಕೆಂಬ ಹಂಬಲವುಳ್ಳವರು ಕಾರಿನ ಪಕ್ಕದಲ್ಲಿ ಅದೇ ಪ್ರಮಾಣದ ಒಂದು ಜಾವಾ ಮೋಟಾರುಸೈಕಲ್ಲನ್ನು ನಿಲ್ಲಿಸಬಹುದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಊರಿನಲ್ಲಿ ಅದಕ್ಕಿಂತ ಸಹಜವಾದ ಸಾಕ್ಷಿ ಬೇರೆ ಬೇಕಾಗಿಲ್ಲ.

ಹಳೆಯ ಕಾರುಗಳ ಮೈಮೇಲೆ ಬೆಳಕು ಹೇಗೆ ಹರಿಯುತ್ತದೆಂಬುದನ್ನು ತಿಳಿಯಲು ಆಟಿಕೆಯನ್ನು ನೋಡಿದರೆ ಸಾಲದು, ನಿಜವಾದ ಕಾರನ್ನೇ ನೋಡಬೇಕು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ವಾಹನಗಳನ್ನಿಟ್ಟಿರುವ ‘ಪಯಣ’ ಎಂಬ ವಸ್ತುಸಂಗ್ರಹಾಲಯ ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿದೆ. ಅಲ್ಲಿ ಒಂದು ಗಂಟೆಯ ಕಾಲ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಬಂಪರಿನ ಕ್ರೋಮಿನಲ್ಲಿ ದೀಪ ಎಷ್ಟು ಸಣ್ಣ ಚುಕ್ಕೆಯಾಗಿ ನಿಲ್ಲುತ್ತದೆ, ಛಾವಣಿಯ ಬಾಗಿನಲ್ಲಿ ಎಷ್ಟು ಉದ್ದದ ಗೆರೆಯಾಗಿ ಎಳೆಯಲ್ಪಡುತ್ತದೆ ಎಂಬುದನ್ನು ಗಮನಿಸಿದವನಿಗೆ ಯಾವ ಪಾಠವೂ ಅಷ್ಟು ಉಪಕರಿಸಲಾರದು.

ಎರಡನೆಯದಾಗಿ ಕಣ್ಣು. ಮನುಷ್ಯನ ಕಣ್ಣು ನೆಲದಿಂದ ಸುಮಾರು 160 ಸೆಂಟಿಮೀಟರ್ ಎತ್ತರದಲ್ಲಿದೆ. ಅದನ್ನು ಕುಗ್ಗಿಸಿದರೆ 1:18ರಲ್ಲಿ 9 ಸೆಂಟಿಮೀಟರ್, 1:24ರಲ್ಲಿ 6.7, 1:43ರಲ್ಲಿ 3.7, 1:64ರಲ್ಲಿ ಕೇವಲ 2.5 ಆಗುತ್ತದೆ. ಲೆನ್ಸಿನ ಮಧ್ಯಬಿಂದು ಈ ಎತ್ತರವನ್ನು ಮೀರಿತೆಂದರೆ, ನೋಡುವವನು ಮಹಡಿಯ ಮೇಲೆ ನಿಂತಂತಾಗುತ್ತದೆ. ಇನ್ನೂ ಮೀರಿದರೆ ಕಾರು ಆಟಿಕೆಯಾಗಿಬಿಡುತ್ತದೆ. ದೊಡ್ಡ ಕ್ಯಾಮೆರಾವನ್ನು ಇಷ್ಟು ಕೆಳಗಿಳಿಸುವುದು ಪ್ರಯಾಸದ ಕೆಲಸವಾದುದರಿಂದ, ಅದನ್ನು ಇಳಿಸುವ ಬದಲು ಕಾರನ್ನು ಮೇಜಿನ ಅಂಚಿಗೆ ತಂದು ಟ್ರೈಪಾಡನ್ನು ಮೇಜಿನ ಆಚೆಗೆ ನಿಲ್ಲಿಸುವುದು ವಾಡಿಕೆ. ಮೊಬೈಲಿನವರಿಗೆ ಇನ್ನೂ ಸುಲಭವಾದ ಉಪಾಯವಿದೆ: ಫೋನನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಮೇಲ್ತುದಿಯಲ್ಲಿದ್ದ ಲೆನ್ಸು ನೆಲಕ್ಕೆ ಎರಡು ಬೆರಳಿನ ಎತ್ತರಕ್ಕೆ ಬಂದುಬಿಡುತ್ತದೆ.

ಮೂರನೆಯ ವಿಷಯ ಸ್ಪಷ್ಟತೆಯ ಆಳ. ಈ ಕಲೆಯ ಶತ್ರು ಅಡಗಿರುವುದು ಇಲ್ಲಿಯೇ. ಎಪಿಎಸ್-ಸಿ ಗಾತ್ರದ ಸಂವೇದಕವುಳ್ಳ ಕ್ಯಾಮೆರಾದಲ್ಲಿ ನಿಜವಾದ ಅಂಬಾಸಡರು ಚೌಕಟ್ಟನ್ನು ತುಂಬುವಂತೆ ಎಫ್/4ರಲ್ಲಿ ಚಿತ್ರ ತೆಗೆದರೆ ಸುಮಾರು 5 ಮೀಟರ್ ಆಳದಷ್ಟು ಭಾಗ ಸ್ಫುಟವಾಗಿ ಮೂಡುತ್ತದೆ. ಅದೇ ಕ್ಯಾಮೆರಾದಲ್ಲಿ ಅದೇ ಎಫ್/4ರಲ್ಲಿ 1:18ರ ಕಾರು ಚೌಕಟ್ಟನ್ನು ತುಂಬಿದಾಗ ಸ್ಫುಟವಾಗುವುದು 2 ಸೆಂಟಿಮೀಟರಿಗಿಂತ ಕಡಮೆ: ಮುಂದಿನ ದೀಪ ನಿಚ್ಚಳ, ಬಾಗಿಲು ಮಸುಕು, ಹಿಂಭಾಗ ಮಂಜು. ಇಂಥ ಮಸುಕನ್ನು ಕಂಡೊಡನೆ ನಮ್ಮ ಮನಸ್ಸು ವಸ್ತು ಚಿಕ್ಕದೆಂದು ಊಹಿಸುತ್ತದೆ. ನಿಜವಾದ ಊರಿನ ಚಿತ್ರಕ್ಕೆ ಮೇಲೆ ಕೆಳಗೆ ಕೃತಕ ಮಸುಕನ್ನು ಬಳಿದು ಆಟಿಕೆಯ ಊರಾಗಿ ತೋರಿಸುವವರು ಬಳಸಿಕೊಳ್ಳುವುದು ಈ ದೌರ್ಬಲ್ಯವನ್ನೇ. ನಾವು ಹೋಗಬೇಕಾದುದು ಅದರ ವಿರುದ್ಧ ದಿಕ್ಕಿಗೆ. ಲೆನ್ಸಿನ ರಂಧ್ರವನ್ನು ಎಫ್/11ಕ್ಕೆ ಇಳಿಸಿದರೆ ಆಳ 5 ಸೆಂಟಿಮೀಟರಿಗೆ ಬರುತ್ತದೆ, ಎಫ್/16ರವರೆಗೂ ಹೋಗಬಹುದು, ಅದಕ್ಕೂ ಮೀರಿ ಕಿರಿದುಗೊಳಿಸಿದರೆ ಬೆಳಕು ರಂಧ್ರದ ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮೃದುವಾಗತೊಡಗುತ್ತದೆ. ಇಷ್ಟೂ ಸಾಲದಾದಾಗ ಫೋಕಸನ್ನು ಮುಂದಿನಿಂದ ಹಿಂದಕ್ಕೆ ಸರಿಸುತ್ತ ಐದಾರು ಚಿತ್ರ ತೆಗೆದು ಗಣಕದಲ್ಲಿ ಒಂದಾಗಿ ಬೆಸೆಯುವುದೊಂದೇ ದಾರಿ. ಮೊಬೈಲಿನ ಸಂವೇದಕ ಅತ್ಯಲ್ಪವಾದುದರಿಂದ ಅದಕ್ಕೆ ಈ ತೊಂದರೆ ಬಹಳ ಕಡಮೆ. ಈ ಒಂದು ಕ್ಷೇತ್ರದಲ್ಲಿ ಬಡವನ ಯಂತ್ರ ಧನಿಕನದನ್ನು ಸೋಲಿಸುವುದನ್ನು ಕಂಡು ನನಗೆ ಸಂತೋಷವೇ ಆಗುತ್ತದೆ.

ರಂಧ್ರ ಕಿರಿದಾದಷ್ಟೂ ಬೆಳಕಿಗೆ ಕಾಲ ಹೆಚ್ಚು ಬೇಕು. ಐ.ಎಸ್.ಓ. 100ರಲ್ಲಿ 20 ಸೆಕೆಂಡು ಎಂಬುದು ಇಲ್ಲಿ ಸಾಮಾನ್ಯ. ಪ್ರತಿಯೊಂದು ಪರೀಕ್ಷೆಗೂ ಅಷ್ಟು ಹೊತ್ತು ಕಾಯುವ ಬದಲು, ಐ.ಎಸ್.ಓ. 1600ಕ್ಕೆ ಏರಿಸಿ ಬೆಳಕನ್ನು ಅಳೆದುಕೊಂಡು, ಅಲ್ಲಿ ಸರಿಬಂದ ಕಾಲವನ್ನು ಹದಿನಾರರಿಂದ ಗುಣಿಸಿ ಐ.ಎಸ್.ಓ. 100ಕ್ಕೆ ಹಿಂತಿರುಗಿದರೆ ಶ್ರಮ ಉಳಿಯುತ್ತದೆ, ಅಲ್ಲಿ 1.25 ಸೆಕೆಂಡು ಇಲ್ಲಿ 20 ಸೆಕೆಂಡು. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರಿಗೆ ಒಪ್ಪಿಸಬೇಕು.

ಈಗ ದೀಪ. ಒಂಬತ್ತು ಮೀಟರ್ ಎತ್ತರದ ಬೀದಿಕಂಬ 1:24ರ ಲೋಕದಲ್ಲಿ 37 ಸೆಂಟಿಮೀಟರ್, 1:64ರಲ್ಲಿ 14. ಆ ಎತ್ತರದಲ್ಲಿ ನಾವು ಕೈಯಲ್ಲಿ ಹಿಡಿಯುವ ಟಾರ್ಚಿನ ಮುಖವೋ ಐದು ಸೆಂಟಿಮೀಟರ್ ಅಗಲ. ನಿಜಲೋಕಕ್ಕೆ ಹಿಗ್ಗಿಸಿದರೆ ಅದು ಒಂದು ಮೀಟರಿಗೂ ಮೀರಿದ ದೀಪವಾಯಿತು, ಅಂಥ ದೀಪ ಯಾವ ಬೀದಿಯಲ್ಲೂ ಇಲ್ಲ. ದೀಪ ಅಗಲವಾದರೆ ನೆರಳಿನ ಅಂಚು ಕರಗಿಹೋಗುತ್ತದೆ. ಕಪ್ಪು ಡ್ರಾಯಿಂಗ್ ಕಾಗದವನ್ನು ಶಂಕುವಿನಂತೆ ಸುತ್ತಿ ಟಾರ್ಚಿನ ಮುಖಕ್ಕೆ ತೊಡಿಸಿ, ತುದಿಯಲ್ಲಿ ಬೆರಳುಗುರಿನಷ್ಟೇ ರಂಧ್ರ ಬಿಟ್ಟಾಗ ನೆರಳು ಬೀದಿಯ ನೆರಳಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ ಛಾವಣಿಯಿಂದ ಬಾನೆಟ್ಟಿನವರೆಗೆ ಒಂದೇ ಉದ್ದನೆಯ ಹೊಳಪು ಬೇಕಾದಲ್ಲಿ, ಕಾರಿನ ಮೇಲೆ ಟ್ರೇಸಿಂಗ್ ಪೇಪರಿನ ಪಟ್ಟಿಯೊಂದನ್ನು ಚೌಕಟ್ಟಿನ ಹೊರಗೆ ಕಟ್ಟಿ ಅದರ ಮೇಲಿನಿಂದ ದೀಪ ಬಿಡಬೇಕು. ಕಾರಿನ ಮೈ ಒಂದು ಕನ್ನಡಿ, ಅದು ದೀಪವನ್ನಲ್ಲದೆ ದೀಪದ ಆಕಾರವನ್ನೂ ತೋರಿಸುತ್ತದೆ.

ಬಣ್ಣದಲ್ಲಿ ಕಾಲೌಚಿತ್ಯವಿರಲಿ. 1960ರ ಸುಮಾರಿನ ಕಾರನ್ನು ಈಗಿನ ಬಿಳಿಯ ಎಲ್‌ಇಡಿ ಬೀದಿದೀಪದ ಕೆಳಗೆ ನಿಲ್ಲಿಸಿದರೆ ಅದು ಅಪ್ಪಟ ಕಾಲಭ್ರಮೆ. ಹಳೆಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಸೋಡಿಯಂ ದೀಪದ್ದು ಇನ್ನೂ ಕೆಳಗೆ, 2100ರ ಆಸುಪಾಸು. ಬಿಳಿ ಟಾರ್ಚಿಗೆ ಹಳದಿ ಜಿಲೆಟಿನ್ ಕಾಗದ ಸುತ್ತಿದರೆ ಹತ್ತಿರ ಹತ್ತಿರ ಅಲ್ಲಿಗೆ ತಲಪಬಹುದು. ಕಾರಿನ ಮುಂದೀಪಗಳಿಗೆ 3 ಮಿಲಿಮೀಟರಿನ ಎಲ್‌ಇಡಿ ಹೊಂದುತ್ತದೆ. ಅಂಬಾಸಡರಿನ ದುಂಡುದೀಪ ಏಳು ಇಂಚಿನದಾದುದರಿಂದ 1:24ರಲ್ಲಿ ಅದು 7.4 ಮಿಲಿಮೀಟರ್ ಮಾತ್ರ. ಗುಂಡಿಯಾಕಾರದ 3 ವೋಲ್ಟಿನ ಸಿಆರ್ 2032 ಬ್ಯಾಟರಿಯ ಎರಡು ಮುಖಗಳಿಗೆ ಎಲ್‌ಇಡಿಯ ಎರಡು ಕಾಲುಗಳನ್ನು ತಾಗಿಸಿ ಟೇಪು ಸುತ್ತಿದರೆ ದೀಪ ಸಿದ್ಧವಾಯಿತು. ಆದರೆ ಈ ಗುಂಡಿ ಬ್ಯಾಟರಿ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಆಟಿಕೆಯ ಕೆಲಸವೆಂದು ಉದಾಸೀನ ಮಾಡದೆ, ಚಿತ್ರ ಮುಗಿದೊಡನೆ ಎಣಿಸಿ ತೆಗೆದಿಡಬೇಕು.

ರಸ್ತೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕಾರನ್ನು ನಿಜವಾದ ಡಾಂಬರಿನ ಮೇಲೆ ಇಟ್ಟರೆ ಒಂದೊಂದು ಜಲ್ಲಿಯೂ ಚಕ್ರದ ಪಕ್ಕದಲ್ಲಿ ಬಂಡೆಯಾಗಿ ನಿಲ್ಲುತ್ತದೆ. ಮೇಲ್ಮೈಯ ಜಲ್ಲಿ 10 ಮಿಲಿಮೀಟರಿನದೆಂದು ಹಿಡಿದರೆ 1:24ರಲ್ಲಿ ಅದು 0.4 ಮಿಲಿಮೀಟರಿಗೆ ಇಳಿಯಬೇಕು. ಬಡಗಿಗಳು ಬಳಸುವ ಎಮರಿ ಪೇಪರಿನಲ್ಲಿ 40ನೆಯ ನಂಬರಿನದು ಸರಿಯಾಗಿ ಅಷ್ಟೇ ಒರಟು. 1:18ಕ್ಕೆ 36, 1:43ಕ್ಕೆ 60 ಅಥವಾ 80, 1:64ಕ್ಕೆ 100. ಹಾಳೆಗಳನ್ನು ಹಲಗೆಗೆ ಅಂಟಿಸಿ, ಬೂದುಬಣ್ಣವನ್ನು ಒಣಕುಂಚದಿಂದ ಚಕ್ರ ಓಡುವ ಎರಡು ಪಟ್ಟಿಗಳಲ್ಲಿ ತೆಳುವಾಗಿ ಸವರಿದರೆ ರಸ್ತೆಗೆ ವಯಸ್ಸು ಬರುತ್ತದೆ.

ಮಳೆಯಲ್ಲಿ ತೊಯ್ದ ಬೀದಿಯ ಮೇಲೆ ಎಲ್ಲರಿಗೂ ಆಸೆ. ಪ್ರತಿಬಿಂಬವೊಂದು ಸಿಕ್ಕಿದರೆ ದೀಪಗಳ ಸಂಖ್ಯೆ ಖರ್ಚಿಲ್ಲದೆ ಇಮ್ಮಡಿಯಾಗುತ್ತದೆ. ಆದರೆ ನೀರು ಕುಗ್ಗುವ ಪದಾರ್ಥವಲ್ಲ. ತನ್ನ ಮೇಲ್ಮೈಯ ಬಿಗಿತದಿಂದ ಅದು ದುಂಡಗೆ ನಿಲ್ಲುವುದಾದ್ದರಿಂದ, 3 ಮಿಲಿಮೀಟರಿನ ಹನಿಯೊಂದು 1:18ರ ಬಾನೆಟ್ಟಿನ ಮೇಲೆ ಐದು ಸೆಂಟಿಮೀಟರಿನ ಗುಳ್ಳೆಯಾಗಿ, ಕಿತ್ತಳೆಹಣ್ಣಿನಷ್ಟು ದಪ್ಪಕ್ಕೆ ಕಾಣಿಸುತ್ತದೆ. ಕಾರಿನ ಮೈಗೆ ನೀರು ಸೋಕಿಸದಿರುವುದೇ ಮೇಲು. ಸೋಕಿಸಲೇಬೇಕೆಂದರೆ ಔಷಧಿಯ ಅಂಗಡಿಯ ಗ್ಲಿಸರಿನ್ನನ್ನು ಸಮಪ್ರಮಾಣದ ನೀರಿನೊಂದಿಗೆ ಬೆರೆಸಿ ಅತಿ ಸೂಕ್ಷ್ಮವಾದ ಸ್ಪ್ರೇಯಿಂದ ದೂರದಿಂದ ಹಾಯಿಸಬೇಕು. ಬೇಗ ಆರುವುದಿಲ್ಲವೆಂಬುದು ಅದರ ಗುಣ. ರಸ್ತೆಗಾದರೆ ಎಮರಿ ಪೇಪರಿನ ಮೇಲೆ ಕಪ್ಪು ಅಕ್ರಿಲಿಕ್ ಹಾಳೆಯ ಚೂರುಗಳನ್ನು ಅಡ್ಡಾದಿಡ್ಡಿಯಾಗಿ ಕತ್ತರಿಸಿಟ್ಟು ನಿಂತ ನೀರೆಂದು ತೋರಿಸಬಹುದು. ಕೆಲಸ ಮುಗಿದ ಮೇಲೆ ಚಕ್ರಗಳ ಅಚ್ಚುಗಳನ್ನು ಒರಸಿಡದಿದ್ದರೆ ತುಕ್ಕು ಹಿಡಿಯುತ್ತದೆ.

ಮಂಜಿಗೆ ಮೈಸೂರಿನವರು ಹೊರಗೆ ಅಲೆಯಬೇಕಾಗಿಲ್ಲ: ಊದುಬತ್ತಿಯೇ ಸಾಕು. ಹೊಗೆಯ ಹಿಂದಿನಿಂದ ದೀಪ ಬಂದರೆ ಮಾತ್ರ ಅದು ಕಾಣುತ್ತದೆ, ಮುಂದಿನಿಂದ ಬಂದರೆ ಮಾಯವಾಗುತ್ತದೆ. ಕ್ಷಣಾರ್ಧದ ಷಟರಿನಲ್ಲಿ ಹೊಗೆ ಸುರುಳಿಸುರುಳಿಯಾಗಿ ಸೆರೆಸಿಕ್ಕಿ, ಇದು ಊದುಬತ್ತಿಯದೆಂದು ತಾನೇ ಸಾರುತ್ತದೆ; ಇಪ್ಪತ್ತು ಸೆಕೆಂಡಿನಲ್ಲಾದರೆ ಆ ಸುರುಳಿಗಳೆಲ್ಲ ಒಂದರೊಳಗೊಂದು ಕರಗಿ, ಮಾಗಿಯ ಬೆಳಗಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಲ್ಲುವಂಥ ಸಮವಾದ ಮಂಜಾಗುತ್ತದೆ. ಕಾರಿನ ರಬ್ಬರಿಗೆ ಕಿಡಿ ತಾಗದಂತೆ ಬತ್ತಿಯನ್ನು ದೂರವಿಟ್ಟು, ಹೊಗೆಯನ್ನು ರಟ್ಟಿನಿಂದ ಮೆಲ್ಲನೆ ಬೀಸಿ ಒಳಗೆ ತರಬೇಕು. ಗಣಕದಲ್ಲಿ ಬರೆದ ಹೊಗೆಯನ್ನು ಚಿತ್ರಕ್ಕೆ ಅಂಟಿಸುವವರುಂಟು. ಪ್ರತಿಯೊಂದು ದೀಪಕ್ಕೂ ನೀಲಿಯ ಕಾಂತಿ ಬಳಿಯುವವರೂ ಉಂಟು. ಅವರ ರುಚಿ ಅವರಿಗಿರಲಿ. ಅಂಥ ಚಿತ್ರದಲ್ಲಿ ಕಾರು ಎಲ್ಲಿ ನಿಂತಿದೆಯೆಂಬುದೇ ನನಗೆ ತಿಳಿಯುವುದಿಲ್ಲ.

ಮೊಳಕೆಯ ವಿಷಯ ಹಿಂದೆ ಬಂದಿತು. ನಾಲ್ಕು ಸೆಂಟಿಮೀಟರ್ ಬೆಳೆದ ರಾಗಿಯ ಪೈರು 1:24ರಲ್ಲಿ ಒಂದು ಮೀಟರಿನಷ್ಟು ಎತ್ತರದ ಬತ್ತದ ಗದ್ದೆ. 1:64ರಲ್ಲಿ ಎರಡೂವರೆ ಮೀಟರಿನ ಕಬ್ಬಿನ ತೋಟ. ಮಂಡ್ಯದ ದಾರಿಯ ದೃಶ್ಯಕ್ಕೆ ಇದಕ್ಕಿಂತ ಅಗ್ಗದ ಸಾಮಗ್ರಿಯಿಲ್ಲ.

ಕತ್ತಲ ಕೋಣೆಯಲ್ಲಿ ಷಟರನ್ನು ತೆರೆದಿಟ್ಟು ಟಾರ್ಚಿನಿಂದಲೇ ಕಾರನ್ನು ಬರೆಯುವ ಕ್ರಮವೂ ಉಂಟು. ಕಪ್ಪು ಬಟ್ಟೆ ತೊಟ್ಟು, ಟಾರ್ಚಿನ ಮುಖ ಲೆನ್ಸಿಗೆ ಬೀಳದಂತೆ ಹಿಡಿದು, ಕೈಯನ್ನು ಎಲ್ಲಿಯೂ ನಿಲ್ಲಿಸದೆ ಛಾವಣಿಯ ಅಂಚನ್ನು ಒಂದು ಸಲ, ಪಕ್ಕದ ಸೊಂಟವನ್ನು ಒಂದು ಸಲ, ಚಕ್ರಗಳನ್ನು ಕ್ಷಣಮಾತ್ರ ಸವರಿ ಹೊರಬರಬೇಕು. ಕರೆಂಟು ಹೋದ ರಾತ್ರಿ ಇದಕ್ಕೆ ಪ್ರಶಸ್ತ. ಕಾರಿನ ಹಿಂಭಾಗದ ಎತ್ತರದಲ್ಲೇ ಕೆಂಪು ಎಲ್‌ಇಡಿಯೊಂದನ್ನು ದಾರದಿಂದ ಚೌಕಟ್ಟಿನ ಉದ್ದಕ್ಕೂ ಎಳೆದರೆ, ಆಗತಾನೆ ಹಾದುಹೋದ ಇನ್ನೊಂದು ವಾಹನದ ಕೆಂಪುಗೆರೆ ರಸ್ತೆಯ ಮೇಲೆ ಉಳಿಯುತ್ತದೆ.

ಇನ್ನು ಊರಿನೊಳಗೆ ಹೊರಟವರಿಗೆ ಕೆಲವು ಸೂಚನೆಗಳು. ಅರಮನೆಯ ದೀಪ ಭಾನುವಾರಗಳಲ್ಲೂ ಸರ್ಕಾರಿ ರಜಾದಿನಗಳಲ್ಲೂ ಸಾಮಾನ್ಯವಾಗಿ ರಾತ್ರಿ 7ರಿಂದ ಮುಕ್ಕಾಲು ಗಂಟೆ ಇರುತ್ತದೆ. ದಸರೆಯಲ್ಲಿ ಇನ್ನೂ ಹೆಚ್ಚು. ಡಿಸೆಂಬರಿನಲ್ಲಿ 7ರ ಹೊತ್ತಿಗೆ ಆಕಾಶ ಕಗ್ಗಪ್ಪಾಗಿರುತ್ತದೆ. ಮೇ, ಜೂನ್ ತಿಂಗಳುಗಳಲ್ಲಾದರೆ ಸೂರ್ಯ ಮುಳುಗಿ ಇನ್ನೂ ಅರ್ಧ ಗಂಟೆಯೂ ಆಗಿರದ ಕಾರಣ, ಮೋಡವಿಲ್ಲದಿದ್ದಲ್ಲಿ, ಮೊದಲ ಹತ್ತು ಹದಿನೈದು ನಿಮಿಷ ಹೊಂಬಣ್ಣದ ದೀಪಗಳ ಹಿಂದೆ ಗಾಢನೀಲಿ ಉಳಿದಿರುತ್ತದೆ, ಕಾರಿನ ಛಾವಣಿಗೂ ಆ ನೀಲಿ ಇಳಿಯುತ್ತದೆ. ಆದುದರಿಂದ ಹಲಗೆ, ಕಾರು, ಎತ್ತರ, ಫೋಕಸುಗಳೆಲ್ಲ 7ಕ್ಕೆ ಮುಂಚೆಯೇ ಸಿದ್ಧವಿರಬೇಕು. ಟ್ರೈಪಾಡು ನಿಲ್ಲಿಸುವ ಮುನ್ನ ಕಾವಲಿನವರನ್ನು ಒಂದು ಮಾತು ಕೇಳುವುದು ಮರ್ಯಾದೆ. ಪುರಭವನದ ಬಳಿಯ 1927ರ ದೊಡ್ಡ ಗಡಿಯಾರವೂ ಒಳ್ಳೆಯ ಹಿನ್ನೆಲೆಯೇ, ಆದರೆ ಅಲ್ಲಿ ಜನ ಹೆಚ್ಚು. ಚಾಮುಂಡಿ ಬೆಟ್ಟದ ದಾರಿಯಲ್ಲಿ ಊರು ಕಾಣುವ ತಾಣಗಳಲ್ಲಿ ಕಟ್ಟೆಯ ಮೇಲೆ ಕಾರಿಟ್ಟರೆ ಕೆಳಗಿನ ದೀಪಗಳೆಲ್ಲ ಬೆಳಕಿನ ಬಿಲ್ಲೆಗಳಾಗಿ ಹಿಂದೆ ತೇಲುತ್ತವೆ. ಬಿಲ್ಲೆಗೆ ಅಗಲ ರಂಧ್ರ ಬೇಕು, ಕಾರಿಗೆ ಕಿರಿದು. ಕ್ಯಾಮೆರಾ ಅಲುಗದಂತೆ ಎರಡು ಚಿತ್ರ ತೆಗೆದು ಕೂಡಿಸುವುದರ ಹೊರತು ಬೇರೆ ರಾಜಿಯಿಲ್ಲ. ಬೆಟ್ಟದಲ್ಲಿ ಚಿರತೆಗಳುಂಟೆಂಬುದನ್ನು ನೆನಪಿನಲ್ಲಿಟ್ಟು ಬೇಗ ಇಳಿಯುವುದು ಒಳ್ಳೆಯದು.

ಕಡೆಯದಾಗಿ ಚಲನೆ. ಓಡುವ ಕಾರಿನ ಚಿತ್ರ ಬೇಕೆಂದು ಕಾರನ್ನು ಓಡಿಸಹೋಗಬಾರದು. ಉದ್ದನೆಯ ಒಂದೇ ಹಲಗೆಯ ಮೇಲೆ ಕಾರನ್ನೂ ಫೋನನ್ನೂ ಎರಡನ್ನೂ ಭದ್ರವಾಗಿ ಕೂರಿಸಿ, ಹಲಗೆಯ ಕೆಳಗೆ ಗಾಲಿಗಳಿರಿಸಿ, ಜಗಲಿಯ ಕಂಬಗಳಿಗೆ ಸೀರಿಯಲ್ ಸೆಟ್ ಕಟ್ಟಿ, ಒಂದು ಸೆಕೆಂಡಿನ ಷಟರಿನಲ್ಲಿ ಹಲಗೆಯನ್ನು ನೂಕಿದರೆ, ಫೋನಿಗೂ ಕಾರಿಗೂ ನಡುವಣ ಅಂತರ ಬದಲಾಗದುದರಿಂದ ಕಾರು ನಿಚ್ಚಳವಾಗಿಯೂ, ಹಿಂದಿನ ದೀಪಗಳು ಮಾತ್ರ ಗೆರೆಗಳಾಗಿಯೂ ಮೂಡುತ್ತವೆ. ಎಷ್ಟು ನೂಕಬೇಕೆಂಬುದಕ್ಕೂ ಲೆಕ್ಕವಿದೆ. 1:24ರಲ್ಲಿ ಸೆಕೆಂಡಿಗೆ ಒಂದು ಮೊಳ ಸರಿದರೆ ಅದು ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗವಾಯಿತು. ದಸರೆಯ ರಾತ್ರಿ ಸಯ್ಯಾಜಿರಾವ್ ರಸ್ತೆಯಲ್ಲಿ ಅಂಥ ವೇಗವನ್ನು ಯಾರೂ ನಂಬಲಾರರಾದುದರಿಂದ, ಒಂದು ಗೇಣು ಸರಿಸಿದರೆ ಧಾರಾಳ.